ಜನಸಂಖ್ಯೆ ಬದಲಾದರೆ ಪಕ್ಷ ಅಳಿಯುವುದೇ?



ದೇಶವೊಂದರಲ್ಲಿ ಯಾರು ಹುಟ್ಟುತ್ತಿದ್ದಾರೆ, ಯಾರು ಹೊರನಾಡುಗಳಿಂದ ಬಂದು ನೆಲಸುತ್ತಿದ್ದಾರೆ, ಯಾರು ವೃದ್ಧಾಪ್ಯದಿಂದ ಕಾಲವಶರಾಗುತ್ತಿದ್ದಾರೆ ಎಂಬ ಲೆಕ್ಕವನ್ನು ಮುಂದಿಟ್ಟುಕೊಂಡು, ಆ ದೇಶದ ಮಹಾಪಕ್ಷವೊಂದು ಇನ್ನಿಷ್ಟು ವರ್ಷಗಳಲ್ಲಿ ನಾಮಾವಶೇಷವಾಗುವುದೆಂದು ಭವಿಷ್ಯ ನುಡಿಯುವುದು ಈಚಿನ ರಾಜಕೀಯ ಚರ್ಚೆಯಲ್ಲಿ ರೂಢಿಯಾಗಿಬಿಟ್ಟಿದೆ. ಈ ಭವಿಷ್ಯವಾಣಿ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬಂದದ್ದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿ ಮಹಾಪಕ್ಷಗಳು ಎರಡು: ಡೆಮಾಕ್ರಟಿಕ್ ಪಕ್ಷ, ರಿಪಬ್ಲಿಕನ್ ಪಕ್ಷ. ರಿಪಬ್ಲಿಕನ್ ಪಕ್ಷ ಬಿಳಿಯರ ಮತವನ್ನು ನೆಚ್ಚಿಕೊಂಡದ್ದು. ಬಿಳಿಯರ ಪ್ರಮಾಣ ದಶಕದಿಂದ ದಶಕಕ್ಕೆ ಇಳಿಯುತ್ತಿದೆ. ಆದುದರಿಂದ ಆ ಪಕ್ಷದ ಆಯುಸ್ಸು ಮುಗಿಯುತ್ತ ಬಂದಿದೆ. ವಾದದ ಸಾರ ಇಷ್ಟೇ. ಈ ವಾದ ನಿಲ್ಲುವುದೇ? ಇದನ್ನು ತಮ್ಮೊಡನೆ ಕುಳಿತು ವಿಚಾರಮಾಡುವುದೇ ಇಂದಿನ ನನ್ನ ಉದ್ದೇಶ.

ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಬಲವಾದ ಅಂಕಿಗಳಿವೆ. 1988ರಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಅವರು, ಹಿರಿಯ ಬುಷ್ ಅವರು, ಬಿಳಿಯ ಮತದಾರರಲ್ಲಿ ನೂರಕ್ಕೆ ಸುಮಾರು 60 ಜನರ ಮತ ಪಡೆದು, 50 ರಾಜ್ಯಗಳಲ್ಲಿ 40ನ್ನು ಗೆದ್ದು ಅಧ್ಯಕ್ಷರಾದರು. 2012ರಲ್ಲಿ ಅದೇ ಪಕ್ಷದ ಮಿಟ್ ರಾಮ್ನಿ ಅವರು ಬಿಳಿಯರಲ್ಲಿ ಹೆಚ್ಚುಕಡಮೆ ಅಷ್ಟೇ ಪ್ರಮಾಣದ ಮತ ಪಡೆದರು. ಆದರೆ ಅವರು ಸೋತರು. ನಡುವೆ ಕಳೆದದ್ದು 24 ವರ್ಷ. ಆ ಅವಧಿಯಲ್ಲಿ ಮತಗಟ್ಟೆಗೆ ಬಂದವರಲ್ಲಿ ಬಿಳಿಯರ ಪಾಲು ನೂರಕ್ಕೆ 85ರ ಆಸುಪಾಸಿನಿಂದ 72ರ ಆಸುಪಾಸಿಗೆ ಇಳಿದಿತ್ತು. ಹಿಂದೆ ದಿಗ್ವಿಜಯ ತಂದುಕೊಟ್ಟ ಬೆಂಬಲವೇ ಈಗ ಗೆಲುವಿಗೂ ಸಾಲದಾಯಿತು. ಇದನ್ನು ಕಂಡ ಯಾವ ಪಕ್ಷದ ಹಿರಿಯನಿಗೂ ಎದೆ ನಡುಗದಿರಲು ಸಾಧ್ಯವಿಲ್ಲ.

ಈ ಬದಲಾವಣೆ ಹೇಗಾಯಿತೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1924ರಲ್ಲಿ ಅಮೆರಿಕವು ಒಂದು ಶಾಸನ ಮಾಡಿ, ಯಾವ ದೇಶದಿಂದ ಎಷ್ಟು ಜನ ಬರಬಹುದೆಂದು ಮಿತಿ ಕಟ್ಟಿತು. ಉತ್ತರ ಯೂರೋಪಿನವರಿಗೆ ಬಾಗಿಲು ತೆರೆದಿಟ್ಟು, ಏಷ್ಯದವರಿಗೆ ಬಹುಮಟ್ಟಿಗೆ ಮುಚ್ಚಿತು. ಈ ದೇಶವಾರು ಮಿತಿಯ ಪದ್ಧತಿಯನ್ನು ರದ್ದುಮಾಡಿದ್ದು 1965ರ ಶಾಸನ. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಅದಕ್ಕೆ ಸಹಿಹಾಕಿದರು. ಅಂದು ಆ ದೇಶದಲ್ಲಿ ನೂರಕ್ಕೆ 85ರಷ್ಟು ಜನ ಬಿಳಿಯರಾಗಿದ್ದರು. 2020ರ ಜನಗಣತಿಯ ವೇಳೆಗೆ ಆ ಪ್ರಮಾಣ 58ಕ್ಕೆ ಇಳಿಯಿತು. ಸ್ಪ್ಯಾನಿಷ್ ಭಾಷಾ ಮೂಲದವರು, ಅಂದರೆ ಮೆಕ್ಸಿಕೋ, ಕ್ಯೂಬಾ, ಪೋರ್ಟೊ ರೀಕೊ ಮೊದಲಾದ ನಾಡುಗಳ ಮೂಲದವರು, 6 ಕೋಟಿಯನ್ನು ಮೀರಿದರು. ಐವರಲ್ಲಿ ಒಬ್ಬರು ಎನ್ನಬಹುದು. ನಮ್ಮ ಮೈಸೂರು, ಧಾರವಾಡ, ಮಂಗಳೂರುಗಳ ವೈದ್ಯರೂ ಇಂಜಿನಿಯರುಗಳೂ ಸಾಲುಸಾಲಾಗಿ ಆ ದೇಶಕ್ಕೆ ಹೊರಟದ್ದು ಇದೇ 1965ರ ಶಾಸನ ತೆರೆದ ಬಾಗಿಲಿನಿಂದ ಎಂಬುದನ್ನು ಇಲ್ಲಿಯೇ ಸ್ಮರಿಸಿಕೊಳ್ಳೋಣ. ಅವರ ವಿಷಯಕ್ಕೆ ಕಡೆಯಲ್ಲಿ ಬರುತ್ತೇನೆ.

ಹೀಗೆ, ಪ್ರಜಾಸಮುದಾಯ ಬದಲಾದದ್ದು ನಿಜ. ಹಳೆಯ ಲೆಕ್ಕದಿಂದ ಗೆಲ್ಲಲಾಗದೆ ಹೋದದ್ದೂ ನಿಜ. ಇನ್ನು ಪ್ರಶ್ನೆಯಿರುವುದು, ಇಂಥ ಬದಲಾವಣೆ ಒಂದು ಪಕ್ಷವನ್ನು ಕೊಲ್ಲಬಲ್ಲುದೇ ಎಂಬಲ್ಲಿ. ಇದಕ್ಕೆ ಉತ್ತರವನ್ನು ಊಹೆಯಿಂದ ಹೇಳುವ ಅಗತ್ಯವಿಲ್ಲ. ಅಮೆರಿಕದಲ್ಲಿ ಮಹಾಪಕ್ಷಗಳು ನಿಜವಾಗಿ ಸತ್ತ ಉದಾಹರಣೆಗಳಿವೆ. ಸತ್ತವರ ಕಥೆಯನ್ನು ಮೊದಲು ಕೇಳೋಣ.

ಮೊದಲನೆಯದು ಫೆಡರಲಿಸ್ಟ್ ಪಕ್ಷ. ಹ್ಯಾಮಿಲ್ಟನ್ ಮತ್ತು ಜಾನ್ ಆಡಮ್ಸ್ ಅವರ ಪಕ್ಷ ಅದು. ಹೊಸದಾಗಿ ಬಂದ ಐರಿಷ್ ಮತ್ತು ಫ್ರೆಂಚ್ ವಲಸಿಗರು ಎದುರುಪಕ್ಷವಾದ ಜೆಫರ್ಸನ್ನರ ಕಡೆಗೆ ವಾಲುತ್ತಾರೆಂಬ ಭಯದಿಂದ, ಆ ಪಕ್ಷವು 1798ರಲ್ಲಿ ಪೌರತ್ವಕ್ಕಾಗಿ ಕಾಯಬೇಕಾದ ಅವಧಿಯನ್ನು 5 ವರ್ಷದಿಂದ 14 ವರ್ಷಕ್ಕೆ ಏರಿಸಿತು. ಎರಡೇ ವರ್ಷಗಳಲ್ಲಿ ಅದು ಅಧಿಕಾರ ಕಳೆದುಕೊಂಡಿತು; 1802ರಲ್ಲಿ ಆ ಅವಧಿ ಮತ್ತೆ 5 ವರ್ಷಕ್ಕಿಳಿಯಿತು; 1816ರ ಅನಂತರ ಅಧ್ಯಕ್ಷಪದವಿಗೆ ಸ್ಪರ್ಧಿಸಲು ಆ ಪಕ್ಷದಲ್ಲಿ ಒಬ್ಬರೂ ಇರಲಿಲ್ಲ. ಪಶ್ಚಿಮದಲ್ಲಿ ಕೆಂಟಕಿ, ಟೆನೆಸ್ಸಿ, ಒಹಾಯೊ ಎಂಬ ಹೊಸ ರಾಜ್ಯಗಳು ತಲೆಯೆತ್ತುತ್ತಿದ್ದರೂ ಕರಾವಳಿಯ ವರ್ತಕರ ಹಿತವನ್ನೇ ದೇಶದ ಹಿತವೆಂದು ಎಣಿಸಿ, ಬ್ರಿಟನ್ನಿನೊಡನೆ ನಡೆದ 1812ರ ಯುದ್ಧವನ್ನು ವಿರೋಧಿಸಿ ಜನರ ಕಣ್ಣಿನಲ್ಲಿ ದೇಶದ್ರೋಹಿಗಳಂತೆ ಕಂಡದ್ದು ಅದರ ಅಂತ್ಯಕ್ಕೆ ಸಮೀಪದ ಕಾರಣ.

ಎರಡನೆಯದು ವ್ಹಿಗ್ ಪಕ್ಷ. ಇದರ ಕಥೆಯಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಜನಸಂಖ್ಯೆಯ ವಾದ ಎಲ್ಲಿಯಾದರೂ ಪೂರ್ಣವಾಗಿ ನಿಜವಾಗಬೇಕಾಗಿದ್ದರೆ ಅದು ಇಲ್ಲಿಯೇ ಆಗಬೇಕಾಗಿತ್ತು.

1840ರಲ್ಲಿ ಮತ್ತು 1848ರಲ್ಲಿ ಅಧ್ಯಕ್ಷಪದವಿಯನ್ನು ಗೆದ್ದ ಪಕ್ಷ ಇದು. ಹೆನ್ರಿ ಕ್ಲೇ, ಡೇನಿಯಲ್ ವೆಬ್‌ಸ್ಟರ್ ಅವರಂಥ ವಾಗ್ಮಿಗಳು ಇದರ ಮುಂದಾಳುಗಳು. ಇಲಿನಾಯ್ ರಾಜ್ಯದ ಯುವ ವಕೀಲ ಅಬ್ರಹಾಂ ಲಿಂಕನ್ ಪ್ರತಿನಿಧಿಸಭೆಗೆ ಆಯ್ಕೆಯಾದದ್ದು ಈ ಪಕ್ಷದಿಂದ. ಅದೇ ಕಾಲದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಘೋರ ಕ್ಷಾಮ ಬಂದಿತು. ಜರ್ಮನಿಯಲ್ಲಿ ಕ್ರಾಂತಿ ವಿಫಲವಾಯಿತು. 1845ರಿಂದ ಹತ್ತು ವರ್ಷಗಳಲ್ಲಿ ಸುಮಾರು 30 ಲಕ್ಷ ಜನ ಅಮೆರಿಕದ ತೀರದಲ್ಲಿ ಬಂದಿಳಿದರು. ಆಗ ಆ ದೇಶದ ಒಟ್ಟು ಜನಸಂಖ್ಯೆಯೇ 2 ಕೋಟಿ 30 ಲಕ್ಷವೆಂಬುದನ್ನು ನೆನೆದರೆ, ಇಂದಿನ ವಲಸೆ ಅದರ ಮುಂದೆ ಸಣ್ಣದಾಗಿ ಕಾಣುತ್ತದೆ. ಬಂದ ಐರಿಷರು ಕ್ಯಾಥೊಲಿಕರು, ಬಡವರು, ನಗರವಾಸಿಗಳು. ಅವರು ಒಟ್ಟಾಗಿ ಡೆಮಾಕ್ರಟಿಕ್ ಪಕ್ಷವನ್ನು ಸೇರಿದರು. ವ್ಹಿಗ್ ಪಕ್ಷದವರು 1852ರ ಚುನಾವಣೆಯಲ್ಲಿ ಜನರಲ್ ವಿನ್‌ಫೀಲ್ಡ್ ಸ್ಕಾಟರನ್ನು ನಿಲ್ಲಿಸಿ, ಕೊನೆಯ ಗಳಿಗೆಯಲ್ಲಿ ಐರಿಷರನ್ನೂ ಜರ್ಮನರನ್ನೂ ಓಲೈಸಲು ಹೊರಟರು. ವಲಸಿಗರು ನಂಬಲಿಲ್ಲ, ವಲಸಿಗರನ್ನು ದ್ವೇಷಿಸುತ್ತಿದ್ದ ಪಕ್ಷದ ಹಳೆಯ ಬೆಂಬಲಿಗರು ಮುನಿದರು. ಸ್ಕಾಟರು ಗೆದ್ದದ್ದು ನಾಲ್ಕೇ ರಾಜ್ಯ. ಮತ್ತೆ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆ ಪಕ್ಷವೇ ಇಲ್ಲವಾಯಿತು.

ಹಾಗಾದರೆ ವಲಸೆಯೇ ಅದನ್ನು ಕೊಂದಿತೆ? ಇಲ್ಲ. ಸೋಲು ಬೇರೆ, ಸಾವು ಬೇರೆ. 1852ರ ಪರಾಜಯದಿಂದ ಆ ಪಕ್ಷ ಚೇತರಿಸಿಕೊಳ್ಳಬಹುದಾಗಿತ್ತು. 1854ರಲ್ಲಿ ಕ್ಯಾನ್ಸಸ್ ಮತ್ತು ನೆಬ್ರಾಸ್ಕ ಪ್ರಾಂತಗಳಿಗೆ ಗುಲಾಮಗಿರಿ ಕಾಲಿಡಬಹುದೆಂಬ ಶಾಸನ ಬಂದಾಗ, ಉತ್ತರದ ವ್ಹಿಗ್ಗರು ಒಂದು ಕಡೆ, ದಕ್ಷಿಣದ ವ್ಹಿಗ್ಗರಲ್ಲಿ ಬಹುಮಂದಿ ಮತ್ತೊಂದು ಕಡೆ ನಿಂತರು. ಮನುಷ್ಯನು ಮನುಷ್ಯನ ಸ್ವತ್ತಾಗಬಹುದೇ ಎಂಬ ಆ ಯುಗದ ಮಹಾಪ್ರಶ್ನೆಗೆ ಪಕ್ಷದಲ್ಲಿ ಒಂದು ಉತ್ತರವಿರಲಿಲ್ಲ. ಪಕ್ಷ ಸೀಳಿತು. ಸೀಳಿದ ಪಕ್ಷದ ಉತ್ತರಾರ್ಧವನ್ನು ಸ್ವೀಕರಿಸಲು ಅದೇ ವರ್ಷ ಹುಟ್ಟಿದ ರಿಪಬ್ಲಿಕನ್ ಪಕ್ಷ ಸಿದ್ಧವಾಗಿ ನಿಂತಿತ್ತು.

ಇದೇ ಸಂದರ್ಭದಲ್ಲಿ ಮತ್ತೊಂದು ಪಕ್ಷವೂ ಎದ್ದಿತು. ಅದರ ಸದಸ್ಯರು ಯಾರು ಏನು ಕೇಳಿದರೂ ತಮಗೇನೂ ತಿಳಿಯದೆಂದು ಹೇಳಬೇಕೆಂಬ ನಿಯಮವಿದ್ದುದರಿಂದ ಜನ ಅದನ್ನು ‘ನೋ ನಥಿಂಗ್’ ಪಕ್ಷವೆಂದು ಕರೆದರು. ವಲಸಿಗನು ಪೌರನಾಗಲು 21 ವರ್ಷ ಕಾಯಬೇಕೆಂಬುದು ಅದರ ಬೇಡಿಕೆ. 1854ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆಯನ್ನು ಅದು ಬಹುತೇಕ ಸಂಪೂರ್ಣವಾಗಿ ಗೆದ್ದುಕೊಂಡಿತು. 1856ರಲ್ಲಿ ಅದರ ಅಧ್ಯಕ್ಷ ಅಭ್ಯರ್ಥಿಗೆ ಐದರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಮತ ಬಂದರೂ ದಕ್ಕಿದ್ದು ಮೇರಿಲೆಂಡ್ ಎಂಬ ಒಂದೇ ರಾಜ್ಯ. ಗುಲಾಮಗಿರಿಯ ಪ್ರಶ್ನೆ ಅದನ್ನೂ ಸೀಳಿತು. ಹೊಸಬರ ಮೇಲಿನ ಭಯವೊಂದನ್ನೇ ಬಂಡವಾಳ ಮಾಡಿಕೊಂಡ ಪಕ್ಷದ ಆಯುಸ್ಸು ಅಷ್ಟು ಅಲ್ಪವಾಯಿತು.

ಲಿಂಕನ್ನರು ಏನು ಮಾಡಿದರು ಗೊತ್ತೆ? 1859ರಲ್ಲಿ, ತಮ್ಮ ಊರಾದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಜರ್ಮನ್ ಭಾಷೆಯ ಒಂದು ಪತ್ರಿಕೆಯ ಮುದ್ರಣಯಂತ್ರವನ್ನು ಸದ್ದಿಲ್ಲದೆ ಕೊಂಡರು; ಥಿಯೊಡೋರ್ ಕನಿಸಿಯಸ್ ಎಂಬ ಜರ್ಮನ್ ಸಂಪಾದಕನೊಡನೆ ಕರಾರು ಮಾಡಿಕೊಂಡು, ರಿಪಬ್ಲಿಕನ್ ಪಕ್ಷದ ತತ್ತ್ವಗಳನ್ನು ಪ್ರಚಾರಮಾಡುವ ಷರತ್ತಿನ ಮೇಲೆ ಅದನ್ನು ಅವನ ಕೈಗೊಪ್ಪಿಸಿದರು. ಮರುವರ್ಷ ಷಿಕಾಗೋದಲ್ಲಿ ನೆರೆದ ಪಕ್ಷದ ಮಹಾಧಿವೇಶನವು, ವಲಸಿಗರ ಪೌರತ್ವದ ಹಕ್ಕುಗಳನ್ನು ಮೊಟಕುಮಾಡುವ ಯಾವ ಶಾಸನವನ್ನೂ ತಾನು ಒಪ್ಪೆನೆಂದು ತನ್ನ ಪ್ರಣಾಲಿಕೆಯಲ್ಲಿ ಬರೆದುಕೊಂಡಿತು. ಅದೇ ವಲಸೆಯ ಪ್ರವಾಹದಲ್ಲಿ ಒಂದು ಪಕ್ಷ ಮುಳುಗಿದಾಗ ಇನ್ನೊಂದು ತೇಲಿ ದಡಮುಟ್ಟಿತು. ರಿಪಬ್ಲಿಕನ್ ಪಕ್ಷವೇ ಇಂಥ ಕಾಲದಲ್ಲಿ ಹುಟ್ಟಿ ಬೆಳೆದದ್ದೆಂಬುದನ್ನು ಅದರ ಮರಣವನ್ನು ಸಾರಿದವರು ಮರೆತಂತೆ ತೋರುತ್ತದೆ.

ಕೇಳುಗರೇ, ಇದುವರೆಗೆ ಕಂಡದ್ದಿಷ್ಟು. ವಲಸೆ ಬಂದದ್ದರಿಂದ ಪಕ್ಷಗಳಿಗೆ ಪೆಟ್ಟು ಬಿದ್ದದ್ದುಂಟು. ಆದರೆ ಸತ್ತ ಪಕ್ಷಗಳು ಸತ್ತದ್ದು, ಕಾಲದ ಮಹಾಪ್ರಶ್ನೆಯೊಂದು ಅವನ್ನು ಒಳಗಿನಿಂದ ಒಡೆದಾಗ ಅಥವಾ ಜನರ ಕಣ್ಣಿನಲ್ಲಿ ಕೀಳಾಗಿಸಿದಾಗ. ಇದು ಅಮೆರಿಕಕ್ಕೆ ಮಾತ್ರ ಸಲ್ಲುವ ಮಾತೇ ಎಂಬ ಸಂದೇಹ ತಮಗೆ ಬರಬಹುದು. ಅದಕ್ಕಾಗಿ ಒಂದು ಕ್ಷಣ ಇಂಗ್ಲೆಂಡಿಗೆ ಹೋಗಿಬರೋಣ.

1906ರಲ್ಲಿ ಇಂಗ್ಲೆಂಡಿನ ಲಿಬರಲ್ ಪಕ್ಷ ಸುಮಾರು 400 ಸ್ಥಾನಗಳನ್ನು ಗೆದ್ದಿತು. 1924ರಲ್ಲಿ ಅದಕ್ಕೆ ಉಳಿದದ್ದು 40; 1951ರಲ್ಲಿ 6. 1906ಕ್ಕೂ 1924ಕ್ಕೂ ನಡುವೆ, 1918ರಲ್ಲಿ, ಮತದಾರರ ಸಂಖ್ಯೆ 80 ಲಕ್ಷದಿಂದ 2 ಕೋಟಿ 10 ಲಕ್ಷಕ್ಕೆ ಏರಿತ್ತು. ಬಡ ಕಾರ್ಮಿಕರಿಗೂ, 30 ವರ್ಷ ದಾಟಿದ ಬಹುಮಂದಿ ಸ್ತ್ರೀಯರಿಗೂ ಮತ ದೊರೆತಿತ್ತು. ಆ ಹೊಸ ಮತದಾರರೇ ಲಿಬರಲ್ಲರನ್ನು ಮುಳುಗಿಸಿ ಲೇಬರ್ ಪಕ್ಷವನ್ನು ಎತ್ತಿದರೆಂದು ಹೇಳುವವರುಂಟು. ಅದು ಪೂರ್ಣಸತ್ಯವಾಗಿದ್ದರೆ, ಭೂಮಾಲಿಕರ ಮತ್ತು ಶ್ರೀಮಂತರ ಪಕ್ಷವೆನಿಸಿದ್ದ ಕನ್ಸರ್ವೇಟಿವ್ ಪಕ್ಷ ಅದಕ್ಕೂ ಮೊದಲು ಸಾಯಬೇಕಾಗಿತ್ತು. ಅದು ಸಾಯಲಿಲ್ಲ, 20ನೆಯ ಶತಮಾನದ ಹೆಚ್ಚು ಕಾಲ ಆ ದೇಶವನ್ನು ಆಳಿತು. ಲಿಬರಲ್ಲರಾದರೋ 1916ರ ಡಿಸೆಂಬರಿನಲ್ಲಿ, ಮಹಾಯುದ್ಧದ ನಡುವೆ, ಆಸ್ಕ್ವಿತ್ ಮತ್ತು ಲಾಯ್ಡ್ ಜಾರ್ಜ್ ಎಂಬ ಇಬ್ಬರು ನಾಯಕರ ಬೆನ್ನಿಗೆ ಎರಡು ಪಾಳೆಯಗಳಾಗಿ ಒಡೆದುಹೋಗಿದ್ದರು. ಅಲ್ಲಿಯೂ ಕಥೆ ಅದೇ.

ಇನ್ನು ನಮ್ಮ ಕಾಲಕ್ಕೆ ಮರಳೋಣ. ರಿಪಬ್ಲಿಕನ್ ಪಕ್ಷದ ಮರಣದ ವಾದಕ್ಕೆ ಇಂದು ಎಲ್ಲರೂ ಕೊಡುವ ಪ್ರಮಾಣ ಕ್ಯಾಲಿಫೋರ್ನಿಯ. ಅದರ ಪಕ್ಕದಲ್ಲಿ ಟೆಕ್ಸಸ್ ರಾಜ್ಯವನ್ನಿಟ್ಟು ನೋಡಿದರೆ ಮಾತ್ರ ವಿಷಯ ಪೂರ್ಣವಾಗುತ್ತದೆ. ಇವೆರಡೂ ಆ ದೇಶದ ಅತಿ ಹೆಚ್ಚು ಜನಸಂಖ್ಯೆಯ ರಾಜ್ಯಗಳು. ಎರಡೂ ಮೆಕ್ಸಿಕೋ ದೇಶದ ಗಡಿಗೆ ತಾಗಿಕೊಂಡಿವೆ. ಹಿಂದೆ ಅದರ ಭಾಗವಾಗಿದ್ದವು. 2020ರ ಜನಗಣತಿಯಲ್ಲಿ ಎರಡರಲ್ಲಿಯೂ ಸ್ಪ್ಯಾನಿಷ್ ಮೂಲದವರ ಪ್ರಮಾಣ ನೂರಕ್ಕೆ 39. ಅಂಕಿ ಒಂದೇ. ಫಲ ಮಾತ್ರ ಅಜಗಜಾಂತರ.

ಕ್ಯಾಲಿಫೋರ್ನಿಯ ರಿಪಬ್ಲಿಕನ್ ಅಧ್ಯಕ್ಷರಾಗಿದ್ದ ನಿಕ್ಸನ್ನರ, ರೇಗನ್ನರ ರಾಜ್ಯ. 1952ರಿಂದ 1988ರವರೆಗೆ ನಡೆದ ಹತ್ತು ಅಧ್ಯಕ್ಷ ಚುನಾವಣೆಗಳಲ್ಲಿ ಒಂಬತ್ತರಲ್ಲಿ ಅದು ರಿಪಬ್ಲಿಕನ್ನರನ್ನು ಗೆಲ್ಲಿಸಿತ್ತು. 1994ರಲ್ಲಿ, ಆರ್ಥಿಕ ಸಂಕಟದ ನಡುವೆ, ಮರುಆಯ್ಕೆಗೆ ನಿಂತಿದ್ದ ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್ ಅವರು 187ನೆಯ ಪ್ರಸ್ತಾವವೆಂಬ ಒಂದು ಜನಮತದ ಮಸೂದೆಯನ್ನು ಎತ್ತಿಹಿಡಿದರು. ಅನುಮತಿಯಿಲ್ಲದೆ ನೆಲಸಿದವರಿಗೆ, ಅವರ ಮಕ್ಕಳಿಗೆ, ಸರ್ಕಾರಿ ಶಾಲೆಯ ಬಾಗಿಲನ್ನೂ ತುರ್ತಲ್ಲದ ಚಿಕಿತ್ಸೆಯನ್ನೂ ನಿರಾಕರಿಸುವುದು ಅದರ ತಿರುಳು. ನೂರಕ್ಕೆ 59 ಜನ ಅದಕ್ಕೆ ಒಪ್ಪಿಗೆಯಿತ್ತರು, ವಿಲ್ಸನ್ನರು ಗೆದ್ದರು. ನ್ಯಾಯಾಲಯ ಆ ಪ್ರಸ್ತಾವವನ್ನು ತಡೆಹಿಡಿದು ಕಡೆಗೆ ಅದು ಜಾರಿಗೇ ಬರಲಿಲ್ಲ. ಆದರೆ ಮಗುವಿನ ಕೈಯಿಂದ ಸ್ಲೇಟು ಕಸಿಯಹೊರಟವರು ಯಾರೆಂಬುದನ್ನು, ಆ ಮಕ್ಕಳ, ಮತದಾನದ ಹಕ್ಕಿದ್ದ ಬಂಧುಗಳೂ ನೆರೆಯವರೂ ಮರೆಯಲಿಲ್ಲ. 2006ರ ಅನಂತರ ಆ ರಾಜ್ಯದಲ್ಲಿ ರಾಜ್ಯವ್ಯಾಪಿಯಾದ ಯಾವ ಪದವಿಯನ್ನೂ ರಿಪಬ್ಲಿಕನ್ ಪಕ್ಷ ಗೆದ್ದಿಲ್ಲ. ಶೀತಲ ಸಮರ ಮುಗಿದು ಅಲ್ಲಿನ ವಿಮಾನ ಕಾರ್ಖಾನೆಗಳು ಮುಚ್ಚಿ, ಆ ಪಕ್ಷಕ್ಕೆ ಮತ ಹಾಕುತ್ತಿದ್ದ ಅನೇಕ ಕುಟುಂಬಗಳು ರಾಜ್ಯ ಬಿಟ್ಟು ಹೋದದ್ದೂ ಈ ಪತನಕ್ಕೆ ಒಂದು ಕಾರಣವೆಂಬುದನ್ನು ನ್ಯಾಯವಾಗಿ ಹೇಳಬೇಕು.

ಈಗ ಟೆಕ್ಸಸ್. ಅದೇ 1994ರಲ್ಲಿ ಅಲ್ಲಿ ಕಿರಿಯ ಜಾರ್ಜ್ ಬುಷ್ ಅವರು ಗವರ್ನರ್ ಆಗಿ ಆಯ್ಕೆಯಾದರು. ನೆರೆಯವರ ಪ್ರಸ್ತಾವವನ್ನು ಅವರು ಅನುಸರಿಸಲಿಲ್ಲ; ವಿರೋಧಿಸಿದರು. ಚುನಾವಣಾ ಸಭೆಗಳಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಮಾತನಾಡಿದರು. ಅವರ ಉತ್ತರಾಧಿಕಾರಿಯಾದ ರಿಕ್ ಪೆರ್ರಿ, ಅವರೂ ರಿಪಬ್ಲಿಕನ್ನರೇ, 2001ರಲ್ಲಿ ಒಂದು ಶಾಸನಕ್ಕೆ ಸಹಿಹಾಕಿ, ಅನುಮತಿಪತ್ರವಿಲ್ಲದ ವಿದ್ಯಾರ್ಥಿಗಳೂ ರಾಜ್ಯದ ನಿವಾಸಿಗಳು ತೆರುವ ಕಡಮೆ ಶುಲ್ಕದಲ್ಲಿಯೇ ವಿಶ್ವವಿದ್ಯಾಲಯಗಳಲ್ಲಿ ಓದಬಹುದೆಂದು ಮಾಡಿದರು. ಇಡೀ ದೇಶದಲ್ಲಿ ಇಂಥ ಶಾಸನ ಮಾಡಿದ ಮೊದಲ ರಾಜ್ಯ ಅದು. ಆ ರಾಜ್ಯದಲ್ಲಿ 1994ರ ಅನಂತರ ರಾಜ್ಯವ್ಯಾಪಿಯಾದ ಒಂದು ಪದವಿಗೂ ಡೆಮಾಕ್ರಟಿಕ್ ಪಕ್ಷದವರು ಆಯ್ಕೆಯಾಗಿಲ್ಲ. ಮಳೆ ಎರಡು ಹೊಲಕ್ಕೂ ಒಂದೇ ಸುರಿಯಿತು. ಬೆಳೆ ಒಕ್ಕಲಿಗನ ಕೈಯಲ್ಲಿತ್ತು.

ಇಲ್ಲಿಗೆ ಮಾತು ಮುಗಿದಿದ್ದರೆ, ವಲಸಿಗರನ್ನು ಆದರಿಸಿದ ಪಕ್ಷ ಉಳಿಯುವುದು, ಕಡೆಗಣಿಸಿದ್ದು ಅಳಿಯುವುದು ಎಂದು ಸುಲಭವಾಗಿ ಹೇಳಿಬಿಡಬಹುದಾಗಿತ್ತು. ಹಾಗೆ ಹೇಳಲು ನನ್ನ ಮನಸ್ಸೂ ಹಾತೊರೆಯುತ್ತದೆ. ಆದರೆ ಮುಂದೆ ನಡೆದದ್ದು ಅಷ್ಟು ಸರಳವಾಗಿಲ್ಲ. ಅದನ್ನು ಮರೆಮಾಚುವುದು ತಮಗೆ ಮಾಡುವ ವಂಚನೆಯಾದೀತು.

2012ರ ಸೋಲಿನ ಅನಂತರ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿ ಆತ್ಮಪರೀಕ್ಷೆಗೆ ಕುಳಿತು, 2013ರ ಮಾರ್ಚಿನಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಸ್ಪ್ಯಾನಿಷ್ ಮೂಲದವರನ್ನು ಒಲಿಸಿಕೊಳ್ಳಬೇಕು, ವಲಸೆಯ ಶಾಸನವನ್ನು ಸಮಗ್ರವಾಗಿ ಸುಧಾರಿಸಬೇಕು, ಇಲ್ಲವಾದರೆ ಪಕ್ಷ ಕುಗ್ಗುತ್ತ ಹೋಗುವುದು ಎಂದು ಅದು ಎಚ್ಚರಿಸಿತು. ಆ ವರ್ಷವೇ ಎರಡೂ ಪಕ್ಷಗಳವರು ಕೂಡಿ ಬರೆದ ಒಂದು ಮಸೂದೆ ಸೆನೆಟಿನಲ್ಲಿ 68 ಮತಗಳಿಂದ ಅಂಗೀಕೃತವಾಯಿತು. ರಿಪಬ್ಲಿಕನ್ನರ ಕೈಯಲ್ಲಿದ್ದ ಪ್ರತಿನಿಧಿಸಭೆ ಅದನ್ನು ಚರ್ಚೆಗೂ ಎತ್ತಿಕೊಳ್ಳಲಿಲ್ಲ. 2016ರಲ್ಲಿ ಡೊನಾಲ್ಡ್ ಟ್ರಂಪ್ ಅವರು ವರದಿಯ ಬುದ್ಧಿವಾದಕ್ಕೆ ನೇರ ವಿರುದ್ಧವಾಗಿ, ಮೆಕ್ಸಿಕೋ ಗಡಿಯಲ್ಲಿ ಗೋಡೆ ಕಟ್ಟುವೆನೆಂಬ ಘೋಷಣೆಯೊಡನೆ ನಿಂತು ಗೆದ್ದರು. ವಲಸಿಗರ ಬಗ್ಗೆ ಅವರು ಆಡಿದ ನುಡಿಗಳನ್ನು ನಾನು ಒಪ್ಪುವವನಲ್ಲ. ಅವು ಸಭ್ಯ ರಾಜಕಾರಣಕ್ಕೆ ತಕ್ಕ ನುಡಿಗಳಲ್ಲ. ಆದರೆ ಅಂಕಿಗಳು ನನ್ನ ಒಪ್ಪಿಗೆಯನ್ನು ಕಾಯುವುದಿಲ್ಲ. ಸ್ಪ್ಯಾನಿಷ್ ಮೂಲದ ಮತದಾರರಲ್ಲಿ ರಾಮ್ನಿ ಅವರಿಗೆ 2012ರಲ್ಲಿ ಸಿಕ್ಕಿದ್ದು ನೂರಕ್ಕೆ 27. 2024ರಲ್ಲಿ ಟ್ರಂಪ್ ಅವರಿಗೆ ದೊರೆತದ್ದು 45ರ ಆಸುಪಾಸು. ಯಾವ ಸಮುದಾಯದ ಬೆಳವಣಿಗೆಯಿಂದ ಆ ಪಕ್ಷ ಸಾಯುವುದೆಂದು ಹೇಳಲಾಗಿತ್ತೋ ಆ ಸಮುದಾಯದ ಹೆಚ್ಚುಕಡಮೆ ಅರ್ಧದಷ್ಟು ಜನ ಅದಕ್ಕೆ ಮತವಿತ್ತರು.

ತಮ್ಮ ಮನಸ್ಸಿನಲ್ಲಿ ಟೆಕ್ಸಸ್ ರಾಜ್ಯದ ಭೂಪಟವನ್ನು ಬಿಡಿಸಿಕೊಳ್ಳಿ. ಅದರ ದಕ್ಷಿಣದ ತುದಿ ಚೂಪಾಗಿ ಇಳಿದಿರುವ ಕಡೆ ರಿಯೋ ಗ್ರಾಂಡೆ ಎಂಬ ನದಿ ಹರಿಯುತ್ತದೆ. ಆಚೆಯ ದಡ ಮೆಕ್ಸಿಕೋ. ಈಚೆಯ ದಡದಲ್ಲಿ ಸ್ಟಾರ್ ಎಂಬ ಒಂದು ಸಣ್ಣ ಜಿಲ್ಲೆ. ಅಲ್ಲಿನ ಜನರಲ್ಲಿ ನೂರಕ್ಕೆ 97ರಷ್ಟು ಮಂದಿ ಸ್ಪ್ಯಾನಿಷ್ ಮೂಲದವರು. 1848ರಲ್ಲಿ ಆ ನದಿ ಎರಡು ದೇಶಗಳ ಗಡಿಯಾಗುವುದಕ್ಕೆ ಮೊದಲೇ ಆ ಪ್ರಾಂತದಲ್ಲಿ ಮನೆಮಾಡಿಕೊಂಡಿದ್ದ ಮನೆತನಗಳು ಅವರಲ್ಲುಂಟು. 1892ರ ಅನಂತರ ಯಾವ ರಿಪಬ್ಲಿಕನ್ ಅಭ್ಯರ್ಥಿಯೂ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ಗೆದ್ದಿರಲಿಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಅಲ್ಲಿ ನೂರಕ್ಕೆ 79 ಮತ. 2020ರಲ್ಲಿ ಜೋ ಬೈಡನ್ ಅವರಿಗೆ 52. 2024ರಲ್ಲಿ ಟ್ರಂಪ್ ಅವರಿಗೆ 58. ಎಂಟು ವರ್ಷಗಳಲ್ಲಿ ಆ ಜಿಲ್ಲೆಯ ಜನ ಬದಲಾಗಲಿಲ್ಲ. ಜನರ ಮನಸ್ಸು ಬದಲಾಯಿತು.

ಏಕೆ ಬದಲಾಯಿತು? ಅಂಗಡಿಯಲ್ಲಿ ಮೊಟ್ಟೆ, ಹಾಲು, ಮಾಂಸಗಳ ಬೆಲೆ ಏರಿತ್ತು. ಆ ಸೀಮೆಯ ಯುವಕರಿಗೆ ಗಡಿಕಾವಲು ಪಡೆಯಲ್ಲಿಯೂ ತೈಲದ ಬಾವಿಗಳಲ್ಲಿಯೂ ಒಳ್ಳೆಯ ಸಂಬಳದ ಕೆಲಸವುಂಟು. ಧರ್ಮಶ್ರದ್ಧೆ, ಕುಟುಂಬಜೀವನ ಮೊದಲಾದ ವಿಷಯಗಳಲ್ಲಿ ಆ ಜನ ಹಳೆಯ ಸಂಪ್ರದಾಯದವರು. ತಲೆತಲಾಂತರದಿಂದ ಅಲ್ಲಿ ನೆಲಸಿದ ತಮ್ಮನ್ನು ನಿನ್ನೆ ಗಡಿದಾಟಿ ಬಂದವರೊಡನೆ ಒಂದೇ ಗಂಟಿನಲ್ಲಿ ಕಟ್ಟಿ ಎಣಿಸುವುದು ಅವರಲ್ಲನೇಕರಿಗೆ ಹಿಡಿಸುವುದಿಲ್ಲ. ಜನಗಣತಿಯ ಪಟ್ಟಿಯಲ್ಲಿ ಅವರು ಸ್ಪ್ಯಾನಿಷ್ ಮೂಲದವರು. ಮತಗಟ್ಟೆಯಲ್ಲಿ ಅವರು ಬಾಡಿಗೆ ತೆರುವವರು, ಮಕ್ಕಳ ತಾಯಿತಂದೆಯರು, ಲಾರಿ ಓಡಿಸುವವರು.

ಭವಿಷ್ಯ ನುಡಿದವರ ಲೆಕ್ಕ ತಪ್ಪಿದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. 2002ರಲ್ಲಿ ಜಾನ್ ಜೂಡಿಸ್ ಮತ್ತು ರೂಯಿ ಟೆಶೇರಾ ಎಂಬ ಇಬ್ಬರು ವಿದ್ವಾಂಸರು, ಡೆಮಾಕ್ರಟಿಕ್ ಪಕ್ಷಕ್ಕೆ ಬಹುಮತ ಉದಯಿಸುತ್ತಿದೆಯೆಂದು ಒಂದು ಗ್ರಂಥವನ್ನೇ ಬರೆದರು. ಕಾರ್ಮಿಕವರ್ಗದ ಬಿಳಿಯರನ್ನೂ ಉಳಿಸಿಕೊಂಡರೆ ಎಂಬ ಷರತ್ತನ್ನು ಅವರು ಹಾಕಿಯೇ ಹಾಕಿದ್ದರು. ಓದಿದವರು ಷರತ್ತನ್ನು ಬಿಟ್ಟು ಭವಿಷ್ಯವನ್ನು ಮಾತ್ರ ನೆನಪಿಟ್ಟುಕೊಂಡರು. ತಂದೆಯ ಮತ ಮಗನಿಗೆ ಆಸ್ತಿಯಂತೆ ಇಳಿದುಬರುವುದೆಂಬ ನಂಬಿಕೆ ಅವರಲ್ಲಿ ಬೇರೂರಿತು. ಅಮೆರಿಕದ ಚರಿತ್ರೆಯೇ ಇದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ಲಿಂಕನ್ನರು ಬಿಡುಗಡೆಮಾಡಿದ ಕರಿಯ ಜನ 1932ರವರೆಗೆ ಬಹುಮಟ್ಟಿಗೆ ಲಿಂಕನ್ನರ ಪಕ್ಷದಲ್ಲಿಯೇ ಇದ್ದರು. ಅನ್ನ ಮತ್ತು ಕೆಲಸ ಕೊಟ್ಟ ಫ್ರಾಂಕ್ಲಿನ್ ರೂಸ್‌ವೆಲ್ಟರ ಕಡೆಗೆ 1936ರಲ್ಲಿ ತಿರುಗಿದರು. ದಕ್ಷಿಣದ ಬಿಳಿಯರು ತಲೆಮಾರುಗಳ ಕಾಲ ಡೆಮಾಕ್ರಟಿಕ್ ಪಕ್ಷದ ಕೋಟೆಯಾಗಿದ್ದವರು, 1964ರ ನಾಗರಿಕ ಹಕ್ಕುಗಳ ಶಾಸನದ ಅನಂತರ ಎದುರುಪಕ್ಷಕ್ಕೆ ಹೊರಟುಹೋದರು. ವ್ಹಿಗ್ಗರನ್ನು ಸೋಲಿಸಿದ ಐರಿಷ್ ಕ್ಯಾಥೊಲಿಕರ ಮರಿಮಕ್ಕಳಲ್ಲಿ ಎಷ್ಟೋ ಮಂದಿ 1980ರಲ್ಲಿ ರೇಗನ್ನರಿಗೆ ಮತವಿತ್ತರು. ಇಂದು ಮದುವೆಯಾಗುತ್ತಿರುವ ಸ್ಪ್ಯಾನಿಷ್ ಮೂಲದವರಲ್ಲಿ ನಾಲ್ವರಲ್ಲೊಬ್ಬರು ತಮ್ಮ ಸಮುದಾಯದ ಹೊರಗಿನವರನ್ನು ವರಿಸುತ್ತಿದ್ದಾರೆ. ಅವರ ಮಕ್ಕಳನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು? ಆ ಮಕ್ಕಳು ಯಾವ ಪಕ್ಷದವರು?

ಇದುವರೆಗೆ ಆದ ವಿಚಾರವನ್ನು ಒಮ್ಮೆ ಕೂಡಿಸಿಕೊಂಡು ಮುಂದೆ ಹೋಗೋಣ. ವಲಸೆ ಪಕ್ಷವನ್ನು ಸೋಲಿಸಬಲ್ಲುದು, ಕೊಲ್ಲಲಾರದು; ಒಂದೇ ಪ್ರಮಾಣದ ವಲಸೆ ಎರಡು ರಾಜ್ಯಗಳಲ್ಲಿ ಎರಡು ಫಲ ಕೊಟ್ಟಿತು; ಯಾವ ಸಮುದಾಯವೂ ಯಾವ ಪಕ್ಷಕ್ಕೂ ಶಾಶ್ವತವಾದ ಉಂಬಳಿಯಲ್ಲ. ಇನ್ನು ಉಳಿದದ್ದು ಒಂದು ಮಾತು: ಅಮೆರಿಕದ ಪಕ್ಷಗಳ ದೀರ್ಘಾಯುಸ್ಸಿಗೆ ಅಲ್ಲಿನ ರಾಜ್ಯಾಂಗವೂ ಒಂದು ಕಾರಣ.

1936ರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ 48 ರಾಜ್ಯಗಳಲ್ಲಿ ಸಿಕ್ಕಿದ್ದು ಮೇಯ್ನ್ ಮತ್ತು ವರ್ಮಾಂಟ್ ಎಂಬ ಎರಡು ಪುಟ್ಟ ರಾಜ್ಯಗಳು. ಪ್ರತಿನಿಧಿಸಭೆಯಲ್ಲಿ ಅದಕ್ಕೆ ಉಳಿದದ್ದು 90ಕ್ಕಿಂತ ಕಡಮೆ ಸ್ಥಾನ. ಅಂದೂ ಅದರ ಅಂತ್ಯಕಾಲ ಬಂದಿತೆಂದರು. ಹತ್ತು ವರ್ಷ ಕಳೆದು, 1946ರಲ್ಲಿ, ಅದು ಎರಡೂ ಸಭೆಗಳನ್ನು ಗೆದ್ದಿತು. ಹೆಚ್ಚು ಮತ ಪಡೆದ ಒಬ್ಬನೇ ಗೆಲ್ಲುವ ಆ ಚುನಾವಣಾ ಪದ್ಧತಿಯಲ್ಲಿ ಮೂರನೆಯ ಪಕ್ಷಕ್ಕೆ ಎಡೆಯಿಲ್ಲ. ಆಳುವವರ ಮೇಲೆ ಬೇಸತ್ತ ಜನಕ್ಕೆ ಎರಡನೆಯ ಪಕ್ಷವೊಂದೇ ಗತಿ. ಅದಲ್ಲದೆ, 6 ಲಕ್ಷವೂ ತುಂಬದ ಜನರುಳ್ಳ ವಯೋಮಿಂಗ್ ರಾಜ್ಯಕ್ಕೂ ಸುಮಾರು 4 ಕೋಟಿ ಜನರುಳ್ಳ ಕ್ಯಾಲಿಫೋರ್ನಿಯಕ್ಕೂ ಸೆನೆಟಿನಲ್ಲಿ ಎರಡೆರಡೇ ಸ್ಥಾನ. ಜನಸಂಖ್ಯೆ ಬೆಳೆಯದ, ಬದಲಾಗದ ಗ್ರಾಮಾಂತರ ರಾಜ್ಯಗಳಲ್ಲಿ ಬೇರೂರಿದ ಪಕ್ಷ, ದೇಶದ ಬಹುಜನರ ಮಾತನ್ನು ಕೇಳದೆಯೂ ಬಹುಕಾಲ ಅಧಿಕಾರದಲ್ಲಿರಬಹುದು. 2016ರಲ್ಲಿ ಟ್ರಂಪ್ ಅವರು ಗೆದ್ದಾಗ ಎದುರಾಳಿಗೆ ಅವರಿಗಿಂತ ಸುಮಾರು 29 ಲಕ್ಷ ಹೆಚ್ಚು ಮತ ಬಿದ್ದಿತ್ತು. ಪಕ್ಷ ಅಳಿಯುವುದಕ್ಕಿಂತ, ಅಳಿಯುವ ಭಯವೇ ಇಲ್ಲದಂತಾಗುವುದನ್ನು ಕಂಡು ನಾನು ಹೆಚ್ಚು ಕಳವಳಪಡುತ್ತೇನೆ. ಅಂಥ ಪಕ್ಷಕ್ಕೆ ಹೊಸಬರ ಬಾಗಿಲು ತಟ್ಟಬೇಕಾದ ಅಗತ್ಯ ಉಳಿಯುವುದಿಲ್ಲ. ಡೆಮಾಕ್ರಟಿಕ್ ಪಕ್ಷಕ್ಕೂ ಇದೇ ಕೇಡು ಬೇರೊಂದು ದಾರಿಯಿಂದ ಬಂದಿತು. ಕಾಲ ತನ್ನ ಕಡೆಗಿದೆಯೆಂದು ನಂಬಿ, ಸ್ಟಾರ್ ಜಿಲ್ಲೆಯಂಥ ಕಡೆಗಳಲ್ಲಿ ಅದು ಬಾಗಿಲು ತಟ್ಟುವುದನ್ನು ಮರೆಯಿತು.

ಕಡೆಯದಾಗಿ, ಮೊದಲೇ ಹೇಳಿದಂತೆ, ನಮ್ಮವರ ವಿಷಯ. ಭಾರತೀಯರು ಅಲ್ಲಿ ಪೌರರಾಗಬಹುದೆಂದಾದದ್ದು 1946ರಲ್ಲಿ. ಹತ್ತೇ ವರ್ಷಗಳಲ್ಲಿ ದಲೀಪ್ ಸಿಂಗ್ ಸೌಂದ್ ಅವರು ಕ್ಯಾಲಿಫೋರ್ನಿಯದಿಂದ, ಡೆಮಾಕ್ರಟಿಕ್ ಪಕ್ಷದ ಪರವಾಗಿ, ಪ್ರತಿನಿಧಿಸಭೆಗೆ ಆರಿಸಿಬಂದರು. ಅನಂತರ ಭಾರತೀಯ ಮೂಲದ ಇಬ್ಬರು ರಾಜ್ಯಗಳ ಗವರ್ನರುಗಳಾದರು: ಬಾಬಿ ಜಿಂದಾಲ್ ಮತ್ತು ನಿಕ್ಕಿ ಹೇಲಿ. ಇಬ್ಬರೂ ರಿಪಬ್ಲಿಕನ್ನರು. ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಅವರು 2022ರಲ್ಲಿ ಮಿಷಿಗನ್ ರಾಜ್ಯದಿಂದ ಡೆಮಾಕ್ರಟಿಕ್ ಪಕ್ಷದ ಪರವಾಗಿ ಪ್ರತಿನಿಧಿಸಭೆಗೆ ಆಯ್ಕೆಯಾದರು. ಭಾರತೀಯರೆಲ್ಲ ಒಂದೇ ಪಕ್ಷದವರೆಂದು ಯಾರಾದರೂ ಬರೆದರೆ ನಂಬಬೇಡಿ.

ಇದನ್ನು ಕೇಳುತ್ತಿರುವ ತಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು, ಸೋದರರು, ಮೊಮ್ಮಕ್ಕಳು ಆ ದೇಶದ ಪೌರರಾಗಿದ್ದಾರೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಮತದಾರನು ತಾನಾಗಿಯೇ ಅರ್ಜಿ ಹಾಕಿ ಪಟ್ಟಿಯಲ್ಲಿ ಹೆಸರು ಬರೆಯಿಸಿಕೊಳ್ಳಬೇಕು. ಅಂಚೆಯವನಾಗಲಿ ಅಧಿಕಾರಿಯಾಗಲಿ ಮನೆಗೆ ಬಂದು ಬರೆದುಕೊಳ್ಳುವುದಿಲ್ಲ. ಮುಂದಿನ ಸಲ ಅವರೊಡನೆ ಮಾತನಾಡುವಾಗ, ಹೆಸರು ಬರೆಯಿಸಿಕೊಂಡಿದ್ದೀರಾ ಎಂದು ದಯಮಾಡಿ ವಿಚಾರಿಸಿರಿ. ಎರಡು ಪಕ್ಷದವರನ್ನೂ ಮನೆಗೆ ಕರೆದು, ಇಬ್ಬರ ಮಾತನ್ನೂ ಕೇಳಿ, ಆಮೇಲೆ ಮತ ಕೊಡುವಂತೆ ಅವರಿಗೆ ತಿಳಿಸಿರಿ.